ಟ್ರ್ಯಾಕ್ಟರ್ ಜಗ್ಗೋ ಆಟಕ್ಕೆ ಒಂದು ಸರಿಯಾದ ಟ್ರ್ಯಾಕ್ ಬೇಕು

ಮಾನ್ಯ ಸಂಪಾದಕರೇ,

ಮೆಕ್ಕೆಜೋಳ ಮುರಿದು ಮಾರಿ ಕೈಯಲ್ಲಿ ನಾಕು ಕಾಸು ಓಡಾಡೋ ಟೈಮಿಗೆ ನಮ್ಮ ಕಡೆ ಟ್ರ್ಯಾಕ್ಟರ್ ಜಗ್ಗೋ ಹುಚ್ಚು ಜೋರಾಗ್ತೈತೆ. ಎರಡು ಟ್ರ್ಯಾಕ್ಟರ್ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ ನಡುವೆ ಚೈನ್ ಹಾಕಿ ಎಳೆಸೋದು, ಸುತ್ತ ಹುಡುಗರು ಮೊಬೈಲ್ ಹಿಡ್ಕಂಡು ಒಂದೆರಡು ಮಾರು ದೂರದಾಗೇ ನಿಂತಿರ್ತಾರೆ. ಆಟ ಬ್ಯಾಡ ಅನ್ನೋನಲ್ಲ ನಾನು, ನನಗೂ ಇಷ್ಟನೇ. ಆದ್ರೆ ಆ ಜಾಗ ನೋಡಿದ್ರೆ ಭಯ ಆಗ್ತೈತೆ.

ಚೈನಿನ ಹುಕ್ಕನ್ನ ಟ್ರ್ಯಾಕ್ಟರ್ ಹಿಂದೆ ಕೆಳಗಿರೋ ಎಳೆಯೋ ಪಟ್ಟಿಗೆ, ಅಂದ್ರೆ ಡ್ರಾಬಾರಿಗೆ ಹಾಕದೆ ಮೇಲೆ ಟಾಪ್ ಲಿಂಕ್ (ನೇಗಿಲು ಹಿಡಿಯೋ ಮೇಲಿನ ಸಲಾಕೆ) ಹತ್ರ ಸಿಗಿಸಿದ್ರೆ ಮುಂದಿನ ಗಾಲಿ ಏಳೋದು ಗ್ಯಾರಂಟಿ, ಇದು ಟ್ರ್ಯಾಕ್ಟರ್ ಹೊಡೆಯೋ ಎಲ್ಲರಿಗೂ ಗೊತ್ತು. ಹಂಗೆ ಎದ್ದ ಗಾಡಿ ಪೂರ್ತಿ ಹಿಂದಕ್ಕೆ ಮಗುಚಕ್ಕೆ ಒಂದೂವರೆ ಸೆಕೆಂಡ್ ಸಾಕು, ಅದ್ರಾಗೆ ಅರ್ಧ ಹೊತ್ತು ಕಳೆದ್ರೆ ಆಮೇಲೆ ಕ್ಲಚ್ ತುಳಿದ್ರೂ ಪ್ರಯೋಜನ ಇಲ್ಲ. ಇನ್ನು ಚೈನ್ ಕಿತ್ರೆ ಅದು ಎಳೆದಿದ್ದ ಗೆರೆಯಾಗೇ ವಾಪಸ್ ಹಾರ್ತೈತೆ, ಜನ ಸರಿಯಾಗಿ ಅಲ್ಲೇ ಗುಂಪುಗೂಡಿರ್ತಾರೆ.

ಪಂಜಾಬಿನಾಗೆ 2023ರ ಅಕ್ಟೋಬರ್‌ನಲ್ಲಿ ಗುರುದಾಸಪುರ ಜಿಲ್ಲೆಯ ಒಂದು ಕ್ರೀಡಾಮೇಳದಲ್ಲಿ ಟ್ರ್ಯಾಕ್ಟರ್ ಸ್ಟಂಟ್ ಮಾಡ್ತಿದ್ದೋನು ಸತ್ತ, ಸರ್ಕಾರ ಸ್ಟಂಟ್‌ಗಳನ್ನೇ ಬ್ಯಾನ್ ಮಾಡ್ತು. 2025ರಲ್ಲಿ ರಾಜಸ್ಥಾನದ ಗಂಗಾನಗರ ಜಿಲ್ಲೆಯಲ್ಲಿ ಟ್ರ್ಯಾಕ್ಟರ್ ಪಂದ್ಯ ನೋಡಕ್ಕೆ ತಗಡಿನ ಶೆಡ್ ಮೇಲೆ ಹತ್ತಿದ್ರು, ಶೆಡ್ಡೇ ಕುಸಿದು ಬಿತ್ತು. ಅಲ್ಲಿ ಟ್ರ್ಯಾಕ್ಟರ್ ಯಾರನ್ನೂ ಮುಟ್ಟಿರಲಿಲ್ಲ ನೋಡ್ರಿ, ಕೂತು ನೋಡಕ್ಕೆ ಜಾಗ ಮಾಡಿರಲಿಲ್ಲ ಅಷ್ಟೇ. ನಮ್ಮೂರಾಗೆ ಇನ್ನೂ ಬ್ಯಾನ್ ಅಂತ ಬಂದಿಲ್ಲ, ಬರೋದ್ರೊಳಗೆ ನಾವೇ ಸರಿ ಮಾಡ್ಕಳಣ ಅಂತ ಈ ಕಾಗದ.

ಅಮೆರಿಕ, ಯುರೋಪಿನಾಗೆ ಟ್ರ್ಯಾಕ್ಟರಿಗೆ ಟ್ರ್ಯಾಕ್ಟರ್ ಕಟ್ಟಲ್ಲ, ಸ್ಲೆಡ್ ಅಂತ ಒಂದು ಭಾರದ ಗಾಡಿ ಎಳೆಸ್ತಾರೆ. ಶುರುವಾಗೋವಾಗ ಭಾರದ ಪೆಟ್ಟಿಗೆ ಸ್ಲೆಡ್ಡಿನ ಹಿಂದಿನ ಗಾಲಿ ಮೇಲೆ ಇರ್ತೈತೆ, ಗಾಡಿ ಹೋದಂಗೆಲ್ಲ ಪೆಟ್ಟಿಗೆ ಮುಂದಕ್ಕೆ ಜರುಗಿ ಮುಂದಿನ ತಟ್ಟೆಯನ್ನ ನೆಲಕ್ಕೆ ಒತ್ತತೈತೆ, ಕೊನೆಗೆ ಹೆಚ್ಚಿನ ಟ್ರ್ಯಾಕ್ಟರ್ ತಾವಾಗೇ ನಿಂತುಬಿಡ್ತಾವೆ. ಮೊದಲು ಅಲ್ಲೂ ಜನರನ್ನೇ ದಾರಿ ಉದ್ದಕ್ಕೂ ನಿಲ್ಲಿಸಿ ಒಬ್ಬೊಬ್ಬರಾಗಿ ಸ್ಲೆಡ್ ಮೇಲೆ ಹತ್ತಿಸ್ತಿದ್ರಂತೆ, ನಮ್ಮೋರು ಟ್ರೇಲರ್ ಮೇಲೆ ಹತ್ತಿ ಕುಣಿಯಲ್ವಾ ಹಂಗೆ. ಇಂಥ ಸ್ಲೆಡ್ ಇಲ್ಲಿ ಆಗಲ್ಲ ಅನ್ಬ್ಯಾಡ್ರಿ, ದಾವಣಗೆರೆ ಹರಿಹರದಾಗೆ ಟ್ರೇಲರ್ ಮಾಡೋ ವರ್ಕ್‌ಶಾಪ್ ಅದಾವೆ, ದಾವಣಗೆರೆಯ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ಹುಡುಗರಿಗೆ ಪ್ರಾಜೆಕ್ಟ್ ಅಂತ ಕೊಟ್ರೂ ಆಯ್ತು. ಎಂಜಿನ್ ಆಫ್ ಮಾಡೋ ಕಿಲ್ ಸ್ವಿಚ್ಚಿನ ಹಗ್ಗ ಮಾತ್ರ ಸ್ಲೆಡ್‌ಗೆ ಕಟ್ಟಿರಲೇಬೇಕು, ಹುಕ್ ಕಿತ್ಕಂಡ್ರೆ ಗಾಡಿ ಅಲ್ಲೇ ಬಂದ್.

ನೆಲದ ವಿಚಾರ. ಆ ಸ್ಲೆಡ್ ಎಳೆಸೋ ದೇಶದೋರ ಪೂರ್ತಿ ಓಟ ಸುಮಾರು 100 ಮೀಟರ್, ಅಗಲ 10 ಮೀಟರ್ ಆಸುಪಾಸು. ಅದರಾಚೆ ಇನ್ನೊಂದು 50 ಮೀಟರ್ ಖಾಲಿ ಬಿಡ್ಬೇಕು ಅಂತ ನಾನಂತೀನಿ, ಆ ತುದೀಲಿ ಒಬ್ಬರೂ ನಿಲ್ಲಬಾರದು, ಪೊಲೀಸ್ ಜೀಪೂ ನಿಲ್ಲಬಾರದು. ಬರೀ ಎರೆ ನೆಲದಾಗೆ ಟ್ರ್ಯಾಕ್ ಮಾಡಿದ್ರೆ ಬೇಸಿಗೆಗೆ ಕೈ ಹೋಗೋಷ್ಟು ಬಿರುಕು ಬಿಡ್ತೈತೆ, ಮಳೆ ಬಂದ್ರೆ ಗಾಲಿಗೆ ಮೆತ್ತಿಕೊಳ್ತೈತೆ. ಜಗಳೂರು ಕಡೆ ಕೆಂಪು ಮಣ್ಣು ತಂದು ಎರೆ ಜೊತೆ ಬೆರೆಸಿ ಟ್ಯಾಂಕರ್ ನೀರು ಬಿಟ್ಟು ರೋಲರ್ ಹೊಡೆಸ್ಬೇಕು, ಪ್ರತಿ ಎಳೆತ ಆದ್ಮೇಲೂ ಬ್ಲೇಡ್ ಎಳೆದು ಮಟ್ಟ ಮಾಡ್ಬೇಕು, ಇಲ್ಲಾಂದ್ರೆ ಮೊದಲು ಬಂದೋನಿಗೆ ಒಳ್ಳೆ ನೆಲ, ಕೊನೇಗೆ ಬಂದೋನಿಗೆ ಗುಂಡಿ, ಆಮೇಲೆ ಜಗಳ.

ಜನ ಕೂರೋ ಕಡೆಗೆ ಬರ್ತೀನಿ, ನನ್ನ ತಕರಾರೆಲ್ಲ ಅಲ್ಲೇ. ಟ್ರ್ಯಾಕ್ ತೆಂಕ ಬಡಗ ಉದ್ದಕ್ಕೆ ಇರಲಿ, ಜನ ಪಡುವಣ ಪಕ್ಕ ಕೂತ್ರೆ ಸಂಜೆ ಬಿಸಿಲು ಬೆನ್ನಿಗೆ. ಆದ್ರೆ ಸುಗ್ಗಿ ಕಾಲಕ್ಕೆ ಮೂಡಗಾಳಿ, ಧೂಳು ಹೊಗೆ ಎಲ್ಲಾ ಇವರ ಮುಖಕ್ಕೇ. ಧೂಳಿಗೆ ನೀರು ಹೊಡೆದ್ರೆ ಆಯ್ತು, ಕಣ್ಣಿಗೆ ಬಿಸಿಲು ಹೊಡೆದ್ರೆ ಏನು ಮಾಡಕ್ಕಾಗ್ತೈತೆ, ಹಂಗಾಗಿ ನಾನು ಪಡುವಣನೇ ಅಂತೀನಿ. ಜೆಸಿಬಿ ತರಿಸಿ ಟ್ರ್ಯಾಕಿನ ಅಂಚಿಂದ 15 ಮೀಟರ್ ಹಿಂದೆ ಕೆರೆ ಏರಿ ಥರ ಮಣ್ಣಿನ ಏರಿ ಹಾಕಿ ಮೆಟ್ಟಿಲು ಕಡಿಸಿದ್ರೆ ಹಿಂದಿನ ಸಾಲಿನ ಮುದುಕನಿಗೂ ಕಾಣ್ತೈತೆ, ಯಾರೂ ಮರ ಹತ್ತಲ್ಲ, ಟ್ರೇಲರ್ ಹತ್ತಲ್ಲ. ಏರಿ ಮುಂದೆ ಸಿಮೆಂಟ್ ಬ್ಲಾಕ್ ಸಾಲು, ಹಗ್ಗ ಕಟ್ಟೋದು ಬ್ಯಾಡ, ಹಗ್ಗದ ಕೆಳಗೆ ನುಗ್ಗದ ಹುಡುಗ ನಮ್ಮ ಜಿಲ್ಲೇಲಿ ಹುಟ್ಟಿಲ್ಲ. 10 ಮೀಟರಿಗೊಂದು ದೊಡ್ಡ ಬೋರ್ಡ್ ಇಟ್ರೆ ಎಷ್ಟು ದೂರ ಎಳೆದ ಅಂತ ಎಲ್ಲರಿಗೂ ಕಾಣ್ತೈತೆ, ಮೈಕಿನೋನು ಸುಳ್ಳು ಹೇಳಕ್ಕೂ ಆಗಲ್ಲ.

ತಹಶೀಲ್ದಾರ್ರು, ಪೊಲೀಸ್ನೋರು ಪರ್ಮಿಷನ್ ಕೊಡೋ ಮುಂಚೆ ಒಂದ್ಸಲ ಜಾಗಕ್ಕೆ ಬಂದು ನೋಡ್ಲಿ, ಬೆನ್ನಿಗೆ ಬೆನ್ನು ಕಟ್ಟೋ ಆಟಕ್ಕೆ ಕೊಡಲೇಬಾರದು. ಆಂಬುಲೆನ್ಸಿಗೆ ಬ್ಯಾರೆ ಗೇಟ್ ಇರಲಿ, ಅದ್ರ ಮುಂದೆ ಮಂಡಕ್ಕಿ ಮಿರ್ಚಿ ಗಾಡಿ ನಿಲ್ಲಿಸ್ಬ್ಯಾಡ್ರಿ. ಹೆಣ್ಮಕ್ಕಳೂ ನೋಡಕ್ಕೆ ಬರ್ತಾರೆ ಈಗ, ಕಮಿಟಿಯೋರು ಅವರಿಗೆ ಟಾಯ್ಲೆಟ್ ವ್ಯವಸ್ಥೆನೂ ಬಜೆಟ್ಟಿನಾಗೆ ಬರ್ಕಳ್ರಿ.

ಇತಿ,
ಒಬ್ಬ ಮೆಕ್ಕೆಜೋಳದ ರೈತ, ಮಾಯಕೊಂಡ ಹೋಬಳಿ, ದಾವಣಗೆರೆ