ಎಂಟರ್ ಒತ್ತುವ ಮುಂಚೆ

ಪ್ರೀತಿಯ ಪುಟ್ಟಿ,

ಹೊಸ ಕೆಲಸದಲ್ಲಿ ದಿನವಿಡೀ ಲಿನಕ್ಸ್ ಸರ್ವರ್ ಜೊತೆಗೇ ಇರಬೇಕು, ಕಮಾಂಡ್ ಟೈಪ್ ಮಾಡುವ ಆ ಕಪ್ಪು ಪರದೆ ನೋಡಿದರೆ ಕೈಯೇ ಓಡಲ್ಲ ಅಂದೆಯಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ಚುಕ್ಕೆ, ಹೈಫನ್ನು, ಜಾಗ ಎಲ್ಲಾ ಕಲಸಿಹೋಗುತ್ತೆ. ಇದನ್ನು ಪಕ್ಕದಲ್ಲಿಟ್ಟುಕೊಂಡು ಮಾಡಿ ನೋಡು.

ಫೈಲಿನ ಹೆಸರನ್ನು ಯಾವತ್ತೂ ಪೂರ್ತಿ ಟೈಪ್ ಮಾಡಬೇಡ. ಎರಡು ಮೂರು ಅಕ್ಷರ ಹೊಡೆದು ಟ್ಯಾಬ್ ಒತ್ತು. ಬೆರಳಿಗೆ ಕೆಲಸ ಕಡಿಮೆ ಅನ್ನುವುದಷ್ಟೇ ಅಲ್ಲ, ಹೆಸರು ತಾನಾಗಿ ತುಂಬಿಕೊಂಡರೆ ಆ ಫೈಲ್ ಅಲ್ಲಿದೆ ಅಂತ ಖಾತ್ರಿಯೂ ಆಯಿತು. ತುಂಬಿಕೊಳ್ಳದಿದ್ದರೆ ಇನ್ನೊಮ್ಮೆ ಒತ್ತು, ಹೊಂದುವ ಹೆಸರುಗಳಿದ್ದರೆ ಎಲ್ಲವನ್ನೂ ತೋರಿಸುತ್ತೆ.

ಹಳೆಯ ಕಮಾಂಡ್ ಬೇಕಾದಾಗ ಮೇಲಿನ ಬಾಣವನ್ನೇ ಒತ್ತುತ್ತಾ ಕೂರಬೇಡ. ಕಂಟ್ರೋಲ್ ಹಿಡಿದು ಆರ್ ಒತ್ತಿ, ನೆನಪಿರುವ ತುಣುಕನ್ನು ಟೈಪ್ ಮಾಡು. ಸಿಕ್ಕಿದ ತಕ್ಷಣ ಎಂಟರ್ ಬೇಡ. ಬಲಗಡೆ ಬಾಣ ಒತ್ತಿದರೆ ಕಮಾಂಡ್ ಓಡದೆ ಸಾಲಿನಲ್ಲೇ ನಿಲ್ಲುತ್ತೆ. ಓದು, ತಿದ್ದು, ಆಮೇಲೆ ಓಡಿಸು. ಕಂಟ್ರೋಲ್ ಎ ಸಾಲಿನ ಮೊದಲಿಗೆ ಒಯ್ಯುತ್ತೆ, ಕಂಟ್ರೋಲ್ ಇ ಕೊನೆಗೆ. ಹಾಗೇ, ಪರದೆ ಇದ್ದಕ್ಕಿದ್ದಂತೆ ಗಟ್ಟಿಯಾಗಿ ನಿಂತುಬಿಟ್ಟರೆ ಗಾಬರಿಯಾಗಬೇಡ. ಬಹುಶಃ ಕೈ ತಪ್ಪಿ ಕಂಟ್ರೋಲ್ ಎಸ್ ಒತ್ತಿರುತ್ತೀ. ಕಂಟ್ರೋಲ್ ಕ್ಯೂ ಒತ್ತು, ಮತ್ತೆ ನಡೆಯುತ್ತೆ.

ಇನ್ನು ಪೈಪ್, ಅಂದರೆ ಒಂದು ಕಮಾಂಡ್ ಕೊಟ್ಟದ್ದನ್ನು ಮುಂದಿನ ಕಮಾಂಡಿಗೆ ದಾಟಿಸುವ ನಿಂತ ಗೆರೆ (|). ನನಗೆ ಲಿನಕ್ಸಿಗೆ ಮಾದರಿಯಾದ ಯುನಿಕ್ಸ್ ಮೇಲೆ ಇಷ್ಟು ಅಕ್ಕರೆ ಇರುವುದೇ ಇದರಿಂದ. ಡಗ್ ಮೆಕಿಲ್ರಾಯ್ ವರ್ಷಗಟ್ಟಲೆ ಬೆನ್ನುಬಿದ್ದು ಕೇಳಿದ ಮೇಲೆ, 1973ರಲ್ಲಿ ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನಲ್ಲಿ ಅವರ ಸಹೋದ್ಯೋಗಿ ಕೆನ್ ಥಾಂಪ್ಸನ್ ಇದನ್ನು ಯುನಿಕ್ಸಿಗೆ ಸೇರಿಸಿದರು. ನೀನು ಕೇಳಿದ ಪ್ರಶ್ನೆಯನ್ನೇ ತಗೋ: ವೆಬ್ ಸರ್ವರಿಗೆ ಯಾವ ಐಪಿಯಿಂದ (ಅಂದರೆ ಇಂಟರ್ನೆಟ್ಟಿನ ಯಾವ ವಿಳಾಸದಿಂದ) ಅತಿ ಹೆಚ್ಚು ಬೇಡಿಕೆ ಬರುತ್ತಿದೆ? ಮೊದಲು ಹೆಡ್ ಕಮಾಂಡಿನಿಂದ ಲಾಗಿನ, ಅಂದರೆ ಸರ್ವರ್ ಬರೆದಿಟ್ಟ ದಾಖಲೆಯ, ಮೊದಲ ಹತ್ತು ಸಾಲು ನೋಡು. ಐಪಿ ಮೊದಲ ಕಾಲಂನಲ್ಲಿದ್ದರೆ ಆಕ್ (awk) ಕಮಾಂಡ್ ಬಳಸಿ ಅದೊಂದನ್ನೇ ತೆಗೆ. ಅದನ್ನು ಸಾಲುಗಳನ್ನು ಕ್ರಮವಾಗಿ ಜೋಡಿಸುವ ಸಾರ್ಟಿಗೆ ಕೊಡು, ಅಲ್ಲಿಂದ ಒಂದೇ ತರದ ಸಾಲು ಎಷ್ಟಿವೆ ಅಂತ ಎಣಿಸುವ ಯುನೀಕ್ (uniq) ಹೈಫನ್ ಸಿ ಗೆ. ಸಾರ್ಟ್ ಮುಂಚೆ ಏಕೆ ಅಂದರೆ, ಯುನೀಕ್ ಒಂದರ ಪಕ್ಕ ಒಂದಿರುವ ಸಾಲುಗಳನ್ನು ಮಾತ್ರ ಹೋಲಿಸುತ್ತೆ. ಒಂದೇ ಐಪಿ ಅಲ್ಲಲ್ಲಿ ಚದುರಿದ್ದರೆ ಬೇರೆ ಬೇರೆ ಅಂತಲೇ ಎಣಿಸುತ್ತೆ. ಬಂದ ಎಣಿಕೆಯನ್ನು ಸಾರ್ಟ್ ಹೈಫನ್ ಆರ್ ಎನ್ ಮಾಡಿದರೆ ದೊಡ್ಡದು ಮೇಲೆ. ಇಡೀ ಸಾಲನ್ನು ಒಂದೇ ಉಸಿರಿಗೆ ಬರೆಯಬೇಡ. ಒಂದೊಂದು ಪೈಪ್ ಸೇರಿಸಿದಾಗಲೂ ಕೊನೆಗೆ ಹೆಡ್ ಹಾಕಿ, ಬಂದದ್ದು ಸರಿಯಿದೆಯಾ ನೋಡಿ ಮುಂದಕ್ಕೆ ಹೋಗು. ಎಲ್ಲಿ ಕೆಟ್ಟಿತು ಅಂತ ಆಮೇಲೆ ಹುಡುಕುವ ಗೋಜೇ ಇರಲ್ಲ.

ಇದೇ ಅಭ್ಯಾಸ ಅಳಿಸುವಾಗ ನಿನ್ನನ್ನು ಕಾಪಾಡುತ್ತೆ. ಆರ್‌ಎಂ ಅಳಿಸಿದ ಫೈಲ್ ಕಸದ ಬುಟ್ಟಿಗೆ ಹೋಗಲ್ಲ, ಹೋದದ್ದು ಹೋದ ಹಾಗೇ. ಸ್ಟಾರ್ ಚಿಹ್ನೆಯನ್ನು ಬಿಡಿಸಿ ಫೈಲುಗಳ ಹೆಸರಾಗಿ ಮಾಡುವುದು ಶೆಲ್ (ನೀನು ಟೈಪ್ ಮಾಡಿದ್ದನ್ನು ಓದಿ ಓಡಿಸುವ ಪ್ರೋಗ್ರಾಂ), ಆರ್‌ಎಂ ಅಲ್ಲ. 'ಸ್ಟಾರ್ ಚುಕ್ಕೆ ಲಾಗ್' (*.log, ಅಂದರೆ ಲಾಗ್ ಫೈಲುಗಳೆಲ್ಲ) ಅನ್ನುವ ಕಡೆ ಸ್ಟಾರ್ ಆದಮೇಲೆ ಅರಿವಿಲ್ಲದೆ ಒಂದು ಜಾಗ ಬಿದ್ದರೆ, ಆ ಫೋಲ್ಡರಿನಲ್ಲಿ ಎದುರಿಗೆ ಕಾಣುವ ಫೈಲುಗಳೆಲ್ಲ ಹೋಗುತ್ತವೆ. ಅದಕ್ಕೇ ಮೊದಲು ಅದೇ ಮಾದರಿಯನ್ನು ಹೆಸರುಗಳ ಪಟ್ಟಿಯಷ್ಟೇ ತೋರಿಸುವ ಎಲ್‌ಎಸ್‌ಗೆ ಕೊಡು. ಪಟ್ಟಿ ನೋಡು. ಸರಿಯಿದ್ದರೆ ಮೇಲಿನ ಬಾಣ ಒತ್ತಿ, ಕಂಟ್ರೋಲ್ ಎ ಯಿಂದ ಮೊದಲಿಗೆ ಹೋಗಿ, ಎಲ್‌ಎಸ್ ತೆಗೆದು ಆರ್‌ಎಂ ಬರೆ. ಉಳಿದದ್ದನ್ನು ಮತ್ತೆ ಟೈಪ್ ಮಾಡುವ ಹಾಗಿಲ್ಲ.

ಇನ್ನೊಂದು ಕಡೆ ಎಲ್ಲರೂ ಜಾರುತ್ತಾರೆ. ಒಂದು ಫೈಲನ್ನು ಸಾರ್ಟ್ ಮಾಡಿ, ಬಂದದ್ದನ್ನು ಬಾಣದ ಚಿಹ್ನೆ (>) ಹಾಕಿ ಅದೇ ಫೈಲಿಗೆ ಕಳಿಸಿದರೆ ಫೈಲ್ ಖಾಲಿ! ಸಾರ್ಟ್ ಶುರುವಾಗುವ ಮುಂಚೆಯೇ ಶೆಲ್ ಅದನ್ನು ಬರಿದು ಮಾಡಿರುತ್ತೆ. ಸಾರ್ಟಿಗೆ ಹೈಫನ್ ಓ ಅಂತ ಆಯ್ಕೆಯಿದೆ, ಅದನ್ನು ಬಳಸು.

ಗಂಟೆಗಟ್ಟಲೆ ಓಡುವ ಕೆಲಸವನ್ನು ಟಿಮಕ್ಸ್ (tmux) ಅನ್ನುವ ಪ್ರೋಗ್ರಾಂ ಒಳಗೆ ಶುರು ಮಾಡು. ನಿನ್ನ ಇಂಟರ್ನೆಟ್ ಕಡಿದುಹೋದರೂ ಸರ್ವರಿನಲ್ಲಿ ಅದು ನಡೆಯುತ್ತಲೇ ಇರುತ್ತೆ. ಮತ್ತೆ ಒಳಗೆ ಹೋಗಿ ಟಿಮಕ್ಸ್ ಅಟ್ಯಾಚ್ ಅಂದರೆ ಬಿಟ್ಟ ಕಡೆಯೇ ಸಿಗುತ್ತೆ.

ಯಾವ ಆಯ್ಕೆ ಏನು ಮಾಡುತ್ತೆ ಅಂತ ಅನುಮಾನ ಬಂದರೆ ಅದೇ ಯಂತ್ರದಲ್ಲಿ ಮ್ಯಾನ್ ಪುಟ (ಕಮಾಂಡಿನ ಕೈಪಿಡಿ) ತೆಗೆ. ಮ್ಯಾಕ್‌ನ ಸೆಡ್ (sed, ಪಠ್ಯ ತಿದ್ದುವ ಕಮಾಂಡ್) ಗೂ ಲಿನಕ್ಸಿನ ಸೆಡ್ಡಿಗೂ ವ್ಯತ್ಯಾಸವಿದೆ, ಅಲ್ಲಿ ನಡೆದದ್ದು ಇಲ್ಲಿ ನಡೆಯದೇ ಹೋಗಬಹುದು. ಪುಟದೊಳಗೆ ಓರೆಗೆರೆ ಒತ್ತಿ ಪದ ಹುಡುಕು, ಎನ್ ಒತ್ತಿದರೆ ಮುಂದಿನದು, ಕ್ಯೂ ಒತ್ತಿದರೆ ಹೊರಗೆ.

ಆ ಲಾಗಿನ ಎಣಿಕೆಯನ್ನು ನಾಳೆಯೇ ಮಾಡಿ ನೋಡು. ಐಪಿ ಯಾವ ಕಾಲಂನಲ್ಲಿದೆ ಅಂತ ಗೊತ್ತಾಗದಿದ್ದರೆ, ಐಪಿಯ ಅಂಕಿಗಳನ್ನು ಬದಲಿಸಿ ಒಂದು ಸಾಲು ಕಳಿಸು, ನೋಡಿ ಹೇಳುತ್ತೇನೆ.

ನಿನ್ನ ಅಮ್ಮ