ರಜೆ ಮುಗಿಸಿ ಮರಳುಗಾಡಿಗೆ ಹೊರಟವನಿಗೆ

ತೀರ್ಥಹಳ್ಳಿ, ಮೇ 4

ಚಿರಂಜೀವಿ ಪ್ರಶಾಂತನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಎದುರಿಗೆ ಹೇಳಿದರೆ ನೀನು ನಕ್ಕು ಮಾತು ಮರೆಸುತ್ತೀಯೆಂದು ಈ ಕಾಗದವನ್ನು ನಿನ್ನ ಟ್ರಂಕಿನಲ್ಲಿ ಸಮವಸ್ತ್ರದ ಕೆಳಗೆ ಇಟ್ಟಿದ್ದೇನೆ. ಒಂದು ತಿಂಗಳು ಹಲಸಿನ ಕಡುಬು ತಿಂದು, ತುಂಗೆಯಲ್ಲಿ ಈಜಿ ಈಗ ಜೈಸಲ್ಮೇರಿನ ನಿನ್ನ ಪಡೆಗೆ ಮರಳುತ್ತಿರುವ ನಿನ್ನ ಮೈ, ಅಲ್ಲಿಂದ ಹೊರಟಾಗಿನ ಮೈಯಲ್ಲ. ಬಿಸಿಲಿಗೆ ಪಳಗಿದ ದೇಹ ಬೇಗ ಬೆವರತೊಡಗುತ್ತದೆ, ಹೆಚ್ಚು ಬೆವರುತ್ತದೆ, ಬೆವರಿನಲ್ಲಿ ಉಪ್ಪನ್ನು ಕಡಿಮೆ ಕಳೆಯುತ್ತದೆ. ಹೀಗೆ ಪಳಗಲು ಒಂದೆರಡು ವಾರ ಬೇಕು, ಆದರೆ ಬಿಸಿಲು ತಪ್ಪಿದ ಮೂರು ನಾಲ್ಕು ವಾರಗಳಲ್ಲಿ ಅದರ ಬಹುಪಾಲು ಅಳಿದುಹೋಗುತ್ತದೆ. ನಮ್ಮೂರಿನ ಸೆಕೆಯೂ ಸೆಕೆಯೇ, ಆದರೆ ನೀನು ಜಗಲಿ ಬಿಟ್ಟು ಎದ್ದದ್ದು ಯಾವಾಗ ಮಾರಾಯ?

ನಾನು ಪಡೆಯಲ್ಲಿದ್ದಾಗ ಹೀಗೆಯೇ ರಜೆ ಮುಗಿಸಿ ಹೋದ ಮೂರನೆಯ ದಿನ, ಬೇರೆಯವರಿಗಿಂತ ಹಿಂದೆ ಬೀಳಬಾರದೆಂಬ ಹಟಕ್ಕೆ ಪೂರ್ತಿ ಹೊರೆ ಹೊತ್ತು ನಡೆದೆ. ಜೊತೆಗಾರ ನನ್ನ ನಂಬರು ಕೇಳಿದರೆ, ತೀರ್ಥಹಳ್ಳಿ ಬಸ್ಸು ಎಷ್ಟು ಹೊತ್ತಿಗೆ ಎಂದು ನಾನು ಅವನನ್ನೇ ಕೇಳಿದೆನಂತೆ. ಅವನು ಅಲ್ಲಿಯೇ ನನ್ನ ಜಾಕೆಟ್ಟು, ಬೂಟು ಬಿಚ್ಚಿ, ಇದ್ದ ನೀರನ್ನೆಲ್ಲ ಮೈಮೇಲೆ ಸುರಿದು, ರಟ್ಟಿನ ತುಂಡಿನಿಂದ ಬೀಸುತ್ತ ಕುಳಿತನು. ಗಾಡಿ ಬಂದದ್ದು ಆಮೇಲೆ. ಮೈ ತಂಪಾಗಿಸುವುದು ಮೊದಲು, ಆಸ್ಪತ್ರೆಗೆ ಸಾಗಿಸುವುದು ನಂತರ ಎಂಬುದನ್ನು ನಾನು ಕಲಿತದ್ದು ಹೀಗೆ. ದೇಹದೊಳಗಿನ ಉಷ್ಣ 40 ಡಿಗ್ರಿ ದಾಟಿ ಮಾತು ತೊದಲತೊಡಗಿದರೆ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಗುಂಡುನಿರೋಧಕ ಜಾಕೆಟ್ಟಿನ ವಿಷಯವನ್ನು ನಮ್ಮ ಗದ್ದೆಯ ಲೆಕ್ಕದಲ್ಲಿಯೇ ಹೇಳುತ್ತೇನೆ. ನೆಟ್ಟಿಯ ದಿನಗಳಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಬಗ್ಗಿದವಳ ಬೆನ್ನು ಮಳೆಗೆ ಒದ್ದೆಯಾಗದಿದ್ದರೂ ಬೆವರಿಗೆ ತೊಪ್ಪೆಯಾಗಿರುತ್ತದೆ, ಏಕೆಂದರೆ ಆ ಬೆವರಿಗೆ ಹೋಗಲು ದಾರಿಯಿಲ್ಲ. ಥಾರಿನ ಒಣಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ, ಒಂದು ಲೀಟರ್ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. 2016ರ ಮೇ 19ರಂದು ನಿನ್ನ ನೆರೆಯ ಫಲೋದಿಯಲ್ಲಿ 51 ಡಿಗ್ರಿ ದಾಖಲಾಯಿತು. ಗಾಳಿ ಚರ್ಮಕ್ಕಿಂತ ಬಿಸಿಯಾದ ಮೇಲೆ ಮೈ ತಣಿಯಲು ಬೆವರು ಆರುವುದೊಂದೇ ಉಪಾಯ. ಆದರೆ ಎದೆ ಬೆನ್ನುಗಳನ್ನು ಕವಿದ ಆ ಗುಂಡುನಿರೋಧಕದ ಒಳಗೆ ನೀನು ಆಗುಂಬೆಯ ಆಷಾಢವನ್ನು ಹೊತ್ತು ತಿರುಗುತ್ತಿರುತ್ತೀಯೆ. ಆಜ್ಞೆ ಮೀರಿ ಬಿಚ್ಚು ಎನ್ನುತ್ತಿಲ್ಲ. ಬಿಚ್ಚಲು ಅನುಮತಿಯಿರುವ ಪ್ರತಿ ವಿರಾಮದಲ್ಲಿಯೂ ಸೋಮಾರಿತನ ಮಾಡದೆ ಪಟ್ಟಿ ಸಡಿಲಿಸಿ ಗಾಳಿ ಆಡಗೊಡು, ನೆರಳಿದ್ದರೆ ಮೊಣಕೈವರೆಗೆ ತಣ್ಣೀರಿನಲ್ಲಿ ಹತ್ತು ನಿಮಿಷ ಕೈ ಅದ್ದಿ ಕೂರು. ಬಿಸಿಲಿನಲ್ಲಿ ಅಂಗಿಯ ತೋಳು ಮಾತ್ರ ಮಡಚಬೇಡ. ಬಿಸಿಲನ್ನು ತಡೆಯುವುದು ಆ ಬಟ್ಟೆಯೇ.

ಬಾಯಾರಿಕೆ ಹಲವೊಮ್ಮೆ ತಡವಾಗಿ ಎಚ್ಚರಿಸುತ್ತದೆ. ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತಿರು, ಮೂತ್ರದ ಬಣ್ಣ ನೋಡುತ್ತಿರು. ಹಾಗೆಂದು ಪಂದ್ಯ ಕಟ್ಟಿದಂತೆ ಗಂಟೆಗೆ ಒಂದೂವರೆ ಲೀಟರಿಗಿಂತ ಹೆಚ್ಚು ಸುರಿದುಕೊಳ್ಳಬೇಡ, ರಕ್ತದ ಉಪ್ಪು ತೆಳುವಾದರೆ ಅದೂ ಪ್ರಾಣಕ್ಕೆ ಎರವಾಗುತ್ತದೆ. ಭೇದಿಯೋ ಜ್ವರವೋ ನಿದ್ರೆಗೇಡೋ ಇದ್ದ ದಿನ ಮೇಲಿನವರಿಗೆ ಬಾಯಿಬಿಟ್ಟು ಹೇಳು. ಮುಚ್ಚಿಟ್ಟರೆ ಅದರ ಭಾರ ನಿನ್ನ ಬಡ್ಡಿಯ ಮೇಲೆ ಬೀಳುತ್ತದೆ. (ನಿನ್ನಮ್ಮ ಬಡ್ಡಿ ಎಂದರೆ ಸೊಸೈಟಿ ಸಾಲದ್ದೆಂದೇ ತಿಳಿದಿದ್ದಾಳೆ, ಜೋಡಿದಾರನೆಂದು ಬಿಡಿಸಿ ಹೇಳಿದ್ದೇನೆ.) ಗಂಟೆಗೊಮ್ಮೆ ಅವನನ್ನು ಮಾತಾಡಿಸು, ಉತ್ತರ ಅಡ್ಡಾದಿಡ್ಡಿಯಾಗಿದ್ದರೆ ತಮಾಷೆಯೆಂದು ಬಿಡಬೇಡ.

ಉಪ್ಪಿನ ಗುಳಿಗೆಯ ಗೋಜು ಬೇಡ, ಹೊತ್ತು ಹೊತ್ತಿಗೆ ಊಟ ಬಿಡದಿದ್ದರೆ ಸಾಕು. ಸೆಕೆಗೆ ಅನ್ನ ಸೇರದ ದಿನಕ್ಕೆಂದು ಅತ್ತಿಗೆ ಅಪ್ಪೆಮಿಡಿಯ ಜಾಡಿಯನ್ನು ಟವೆಲಿನಲ್ಲಿ ಸುತ್ತಿ ಟ್ರಂಕಿನ ಎಡಮೂಲೆಯಲ್ಲಿ ಇಟ್ಟಿದ್ದಾರೆ. ರೈಲಿನಲ್ಲಿ ಟ್ರಂಕನ್ನು ಅಡ್ಡ ಮಲಗಿಸಬೇಡ.

ಇಂತಿ ನಿನ್ನ ದೊಡ್ಡಪ್ಪ