ನೋವಿನ ಮಾತ್ರೆ ನುಂಗುವ ಮುನ್ನ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಮಂಡಿ ನೋವಿಗೆ ಐಬುಪ್ರೊಫೆನ್ ತಗೊಳ್ಳಲಾ, ತಗೊಂಡರೆ ದಿನಕ್ಕೆ ಎಷ್ಟು ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಬಿಡುತ್ತೀಯ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ಮೊದಲು ಸ್ಟ್ರಿಪ್ಪನ್ನು ತಿರುಗಿಸಿ ಓದು. ದೊಡ್ಡಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ನಿನಗೆ ಬೇಕಾದ್ದು ಸಣ್ಣಕ್ಷರದಲ್ಲಿರುತ್ತದೆ: ಔಷಧದ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಅನ್ನುವುದು. ಆ ಹೆಸರು, ಎಕ್ಸ್‌ಪೈರಿ ತಾರೀಕು ಇರುವ ತುದಿಯನ್ನು ಕೊನೆಯವರೆಗೂ ಉಳಿಸಿಕೊಂಡು, ಮಾತ್ರೆಗಳನ್ನು ಇನ್ನೊಂದು ತುದಿಯಿಂದ ತೆಗೆಯುತ್ತಾ ಬಾ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ನ್ಯಾಪ್ರೋಕ್ಸೆನ್, ಎಟೋರಿಕಾಕ್ಸಿಬ್ ಎಲ್ಲವೂ ಒಂದೇ ಗುಂಪಿನವು. ಮುಟ್ಟಿನ ನೋವಿಗೆ ನುಂಗುವ ಮೆಫೆನಮಿಕ್ ಆಸಿಡ್ ಕೂಡ ಇದೇ ಗುಂಪು. ಮಂಡಿಗೊಂದು, ಹೊಟ್ಟೆಗೊಂದು ಅಂತ ಎರಡನ್ನೂ ಒಂದೇ ದಿನ ನುಂಗಿಬಿಡಬೇಡ. ಎರಡು ಸೇರಿಸಿದರೆ ನೋವೇನೂ ಎರಡರಷ್ಟು ಇಳಿಯುವುದಿಲ್ಲ, ಹೊಟ್ಟೆಗೂ ಕಿಡ್ನಿಗೂ ಬೀಳುವ ಪೆಟ್ಟು ಮಾತ್ರ ಹೆಚ್ಚುತ್ತದೆ.

ಪ್ಯಾರಸಿಟಮಾಲ್ ಬೇರೆ ಜಾತಿ. ನೋವು, ಜ್ವರ ಇಳಿಸುತ್ತದೆ, ಊತ ಇಳಿಸುವುದಿಲ್ಲ. ಅದನ್ನು ಐಬುಪ್ರೊಫೆನ್ ಜೊತೆ ತೆಗೆದುಕೊಳ್ಳಬಹುದು. ಆದರೆ ನೋವಿನ ಎಷ್ಟೋ ಮಾತ್ರೆಗಳಲ್ಲಿ ಅದು ಮೊದಲೇ ಬೆರೆತಿರುತ್ತದೆ, ಅಸೆಕ್ಲೋಫೆನಾಕ್ 100 ಜೊತೆ ಪ್ಯಾರಸಿಟಮಾಲ್ 325 ಇರುವ ಹಾಗೆ. ಶೀತದ ಮಾತ್ರೆಯಲ್ಲೂ ಇರುತ್ತದೆ. ಎಲ್ಲ ಕೂಡಿಸಿ ಲೆಕ್ಕ ಹಾಕು. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮಿತಿ ಅನ್ನುತ್ತಾರೆ. ನನ್ನನ್ನು ಕೇಳಿದರೆ 3 ಗ್ರಾಂಗೆ ನಿಲ್ಲಿಸು.

ಇನ್ನು ಪ್ರಮಾಣ. ಐಬುಪ್ರೊಫೆನ್ ಒಂದು ಸಲಕ್ಕೆ 200 ಅಥವಾ 400 ಮಿಲಿಗ್ರಾಂ. 200ರಲ್ಲೇ ನೋವು ತಗ್ಗಿದರೆ ಅಷ್ಟೇ ಸಾಕು. ಎರಡು ಮಾತ್ರೆಗಳ ನಡುವೆ ಕನಿಷ್ಠ 6 ಗಂಟೆ ಇರಲಿ, ಡಾಕ್ಟರ್ ಹೇಳದೆ ದಿನಕ್ಕೆ 1200 ದಾಟಬೇಡ. ಒಂದೇ ಸಲಕ್ಕೆ 400ಕ್ಕಿಂತ ಹೆಚ್ಚು ನುಂಗಿದರೂ ಇಂಥ ನೋವಿಗೆ ಹೆಚ್ಚಿನ ಲಾಭವೇನಿಲ್ಲ. ಕೆಲಸ ಶುರುವಾಗಲು ಅರ್ಧದಿಂದ ಒಂದು ಗಂಟೆ ಹಿಡಿಯುತ್ತದೆ. ಅಷ್ಟರೊಳಗೆ ತಾಳ್ಮೆಗೆಟ್ಟು ಇನ್ನೊಂದು ನುಂಗುವವರೇ ಲೆಕ್ಕ ತಪ್ಪುವುದು. ನುಂಗಿದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದಿಡು. ನ್ಯಾಪ್ರೋಕ್ಸೆನ್ ಹಾಗಲ್ಲ, ಮೈಯಲ್ಲಿ ಬಹಳ ಹೊತ್ತು ಉಳಿಯುತ್ತದೆ, ದಿನಕ್ಕೆ ಎರಡೇ ಹೊತ್ತು. ಹೊತ್ತಿನ ಅಂತರ ಔಷಧದಿಂದ ಔಷಧಕ್ಕೆ ಬೇರೆ, ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಬೇಡ. ಹೊಟ್ಟೆಯಲ್ಲಿ ಕರಗದ ಹಾಗೆ ಕೋಟಿಂಗ್ ಇರುವ ಮಾತ್ರೆ, ಔಷಧವನ್ನು ನಿಧಾನವಾಗಿ ಬಿಡುವ ಮಾತ್ರೆ ಇವನ್ನು ಮುರಿಯಬಾರದು, ಪುಡಿ ಮಾಡಬಾರದು.

ಒಂದು ತುಂಬಿದ ಲೋಟ ನೀರಿನ ಜೊತೆ, ಕೂತೋ ನಿಂತೋ ನುಂಗು. ಮಲಗಿಕೊಂಡು ಗುಟುಕು ನೀರಲ್ಲಿ ನುಂಗಿದರೆ ಮಾತ್ರೆ ಅನ್ನನಾಳಕ್ಕೆ ಅಂಟಿ ಅಲ್ಲೇ ಹುಣ್ಣು ಮಾಡಬಹುದು. ನುಂಗಿದ ಮೇಲೂ ಹತ್ತು ನಿಮಿಷವಾದರೂ ಕೂತಿರು.

"ಊಟ ಆದ ಮೇಲೆ ತಗೊಂಡರೆ ಏನೂ ಆಗಲ್ಲ" ಅನ್ನುವ ಮಾತನ್ನು ಪೂರ್ತಿ ನಂಬಬೇಡ. ಊತ, ನೋವು ಹುಟ್ಟಿಸುವ ಪ್ರೊಸ್ಟಗ್ಲ್ಯಾಂಡಿನ್ ಅನ್ನುವ ರಾಸಾಯನಿಕವನ್ನು ಐಬುಪ್ರೊಫೆನ್ ಗುಂಪಿನ ಮಾತ್ರೆಗಳು ತಡೆಯುತ್ತವೆ. ಅದೇ ರಾಸಾಯನಿಕ ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುತ್ತದೆ, ಕಿಡ್ನಿಗೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುತ್ತದೆ. ಮಾತ್ರೆಗೆ ಮಂಡಿ ಯಾವುದು, ಹೊಟ್ಟೆ ಯಾವುದು ಅಂತ ಗೊತ್ತಿಲ್ಲ. ರಕ್ತಕ್ಕೆ ಸೇರಿದ ಮೇಲೆ ಎಲ್ಲ ಕಡೆಯೂ ತಡೆಯುತ್ತದೆ. ಹಾಗಾಗಿ ಊಟ ಮಾಡಿ ನುಂಗಿದರೆ ಹೊಟ್ಟೆ ತೊಳಸುವುದು, ಉರಿ ಕಡಿಮೆಯಾಗಬಹುದು, ಅಲ್ಸರಿನ ಅಪಾಯ ತಪ್ಪುವುದಿಲ್ಲ. ಇಂಜೆಕ್ಷನ್ ತಗೊಂಡರೂ ಅಷ್ಟೇ. ನೋವೇ ಇಲ್ಲದೆ ಹುಣ್ಣಾಗಿ ರಕ್ತ ಸೋರುವುದೂ ಉಂಟು. ಹಿಂದೆ ಅಲ್ಸರ್ ಆದವರಿಗೆ, ವಯಸ್ಸಾದವರಿಗೆ ಡಾಕ್ಟರ್ ಇದರ ಜೊತೆಗೆ ಹೊಟ್ಟೆಯ ಆಮ್ಲ ತಗ್ಗಿಸುವ ಒಮೆಪ್ರಜೋಲ್ ಅಥವಾ ಪ್ಯಾಂಟೊಪ್ರಜೋಲ್ ಬರೆಯುತ್ತಾರೆ, ಅದನ್ನು ತಿಂಡಿಗೆ ಅರ್ಧ ಗಂಟೆ ಮೊದಲು ತಗೊಳ್ಳಬೇಕು. ಮೂರು ದಿನದ ಮಾತ್ರೆಗೆ ನಿನ್ನಂಥವಳಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಮದ್ಯ ಮಾತ್ರ ಆ ದಿನಗಳಲ್ಲಿ ಬೇಡವೇ ಬೇಡ.

ವಾಂತಿ, ಭೇದಿ ಆಗುತ್ತಿದ್ದರೆ, ಬೆವರು ಸುರಿಸಿ ನೀರು ಕುಡಿಯದೆ ಇದ್ದರೆ ಇವನ್ನು ಮುಟ್ಟಬೇಡ. ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿ ಆ ಪ್ರೊಸ್ಟಗ್ಲ್ಯಾಂಡಿನ್ನನ್ನೇ ನೆಚ್ಚಿಕೊಂಡಿರುತ್ತದೆ. ಓಡುವ ಮೊದಲೇ ಒಂದು ಮಾತ್ರೆ ನುಂಗಿ ಹೊರಡುವ ಅಭ್ಯಾಸವೂ ಬೇಡ. ಜ್ವರದ ಜೊತೆ ಮೈಕೈ ನೋವು ಬಂದು, ಡೆಂಗಿ ಇರಬಹುದು ಅನ್ನುವ ಅನುಮಾನವಿದ್ದರೆ ಪ್ಯಾರಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತವೆ. ಗರ್ಭಿಣಿಯಾದರೆ ಡಾಕ್ಟರನ್ನು ಕೇಳದೆ ಒಂದೂ ಬೇಡ. 20 ವಾರ ದಾಟಿದ ಮೇಲೆ ಮಗುವಿನ ಕಿಡ್ನಿಗೇ ತೊಂದರೆ.

ನಿನ್ನ ಜೊತೆಗಿರುವವರು ಸೊಂಟ ನೋವು ಅಂದಾಗ ಸ್ಟ್ರಿಪ್ಪಿನಿಂದ ಎರಡು ಕತ್ತರಿಸಿ ಕೊಡುವ ಧಾರಾಳತನ ಇಟ್ಟುಕೊಳ್ಳಬೇಡ. ನಿನಗೆ ಒಗ್ಗಿದ್ದು ಅವರಿಗೆ ಒಗ್ಗಬೇಕೆಂದಿಲ್ಲ. ಉಬ್ಬಸ ಇರುವ ಕೆಲವರಿಗೆ ಒಂದೇ ಮಾತ್ರೆಗೆ ಉಸಿರು ಕಟ್ಟುತ್ತದೆ. ಹೃದಯದ ಕಾಯಿಲೆ, ಕಿಡ್ನಿ ತೊಂದರೆ, ಅಲ್ಸರ್ ಇರುವವರು, ವಾರ್ಫರಿನ್ ಥರದ ರಕ್ತ ತೆಳುವಾಗಿಸುವ ಔಷಧ, ಮನಸ್ಸಿನ ಕಾಯಿಲೆಗೆ ಕೊಡುವ ಲಿಥಿಯಂ, ಸಂಧಿವಾತದಂಥದ್ದಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ತಗೊಳ್ಳುವವರು ಡಾಕ್ಟರನ್ನು ಕೇಳಿಯೇ ತಗೊಳ್ಳಬೇಕು. ಖಿನ್ನತೆಗೆ ಸರ್ಟ್ರಲಿನ್‌ನಂಥದ್ದು ನುಂಗುವವರಿಗೂ ರಕ್ತಸ್ರಾವದ ಭಯ ಹೆಚ್ಚು. ಕೆಲವು ಬಗೆಯ ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ಎರಡೂ ನಡೆಯುತ್ತಿದ್ದು ಮೇಲೆ ಇದೊಂದು ಸೇರಿದರೆ ಕಿಡ್ನಿ ಕೈಕೊಡಬಹುದು.

ನಿಜ ಹೇಳಬೇಕೆಂದರೆ, ಒಂದೇ ಮಂಡಿಯ ನೋವಿಗೆ ನಾನು ಮೊದಲು ಹೇಳುವುದು ಮಾತ್ರೆಯಲ್ಲ, ಡೈಕ್ಲೋಫೆನಾಕ್ ಜೆಲ್. ರಕ್ತಕ್ಕೆ ಸೇರುವುದು ಮಾತ್ರೆಗಿಂತ ತೀರಾ ಕಡಿಮೆ. ಆದರೆ ಬಟಾಣಿಯಷ್ಟು ಹಚ್ಚಿ ಕೆಲಸ ಮಾಡಲಿಲ್ಲ ಅನ್ನಬೇಡ. 1 ಶೇಕಡದ ಜೆಲ್ ಆದರೆ ಮಂಡಿಗೆ ಒಂದು ಸಲಕ್ಕೆ 4 ಗ್ರಾಂ, ಅಂದರೆ ಟ್ಯೂಬಿನಿಂದ ನಾಲ್ಕೂವರೆ ಇಂಚು ಉದ್ದದ ಗೆರೆ. ಮಣಿಕಟ್ಟು, ಮೊಣಕೈಗೆ ಅದರ ಅರ್ಧ. ದಿನಕ್ಕೆ ನಾಲ್ಕು ಸಲ. ಮಂಡಿಯ ಮುಂದೆ ಮಾತ್ರವಲ್ಲ, ಪಕ್ಕಕ್ಕೂ ಹಿಂದಕ್ಕೂ ಮೆಲ್ಲಗೆ ಸವರು, ಹತ್ತು ನಿಮಿಷ ಒಣಗಲು ಬಿಟ್ಟು ಬಟ್ಟೆ ಹಾಕು, ಒಂದು ಗಂಟೆ ನೀರು ತಾಗಿಸಬೇಡ. ಗಾಯದ ಮೇಲೆ ಬೇಡ. ಹಚ್ಚಿದ ಜಾಗಕ್ಕೆ ಬಿಸಿನೀರಿನ ಚೀಲ ಇಡುವುದು, ಬ್ಯಾಂಡೇಜ್ ಬಿಗಿಯುವುದು ಮಾಡಿದರೆ ಔಷಧ ಬೇಕಾದ್ದಕ್ಕಿಂತ ಹೆಚ್ಚು ಒಳಗೆ ಹೋಗುತ್ತದೆ. ಕೈ ತೊಳೆಯದೆ ಕಣ್ಣು ಮುಟ್ಟಬೇಡ. ಜೆಲ್ ಹಚ್ಚುತ್ತಲೇ ಮಾತ್ರೆಯನ್ನೂ ನುಂಗುವುದು ಡಾಕ್ಟರ್ ಹೇಳಿದರೆ ಮಾತ್ರ.

ಮೂರು ದಿನದಲ್ಲಿ ಒಂದಿಷ್ಟೂ ತಗ್ಗದಿದ್ದರೆ ತೋರಿಸು. ತಗ್ಗುತ್ತಿದ್ದರೂ ನಿನ್ನಷ್ಟಕ್ಕೆ ನೀನೇ ಹತ್ತು ದಿನಕ್ಕಿಂತ ಎಳೆಯಬೇಡ. ಆ ದಿನಗಳಲ್ಲಿ ಮಂಡಿಗೆ ಬಿಡುವು ಕೊಡು. ನೋವು ಅಡಗಿದೆ ಅಂತ ಮೆಟ್ಟಿಲು ಹತ್ತಿ ಇಳಿದರೆ ಒಳಗೆ ಗಾಯವಿದ್ದರೆ ಅದು ಇನ್ನಷ್ಟು ಹೆಚ್ಚಬಹುದು.

ಮಲ ಡಾಂಬರಿನ ಹಾಗೆ ಕಪ್ಪಗಾದರೆ, ವಾಂತಿ ಕಾಫಿ ಗಸಿಯ ಹಾಗಿದ್ದರೆ, ಮುಖ ಊದಿ ಉಬ್ಬಸ ಬಂದರೆ, ಎದೆ ನೋವು ಬಂದರೆ, ಮೂತ್ರ ಕಡಿಮೆಯಾಗಿ ಪಾದ ಊದಿದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗು. ಮಂಡಿ ಕೆಂಪಾಗಿ ಬಿಸಿಯಾಗಿ ಜ್ವರವೂ ಬಂದರೆ, ಕಾಲೂರಲು ಆಗದಿದ್ದರೆ, ರಾತ್ರಿಯಾದರೂ ಸರಿ, ಬೆಳಗಾಗಲಿ ಅಂತ ಕಾಯಬೇಡ. ಕೀಲಿಗೆ ಸೋಂಕು ತಗುಲಿದ್ದರೆ ನೋವಿನ ಮಾತ್ರೆ ಜ್ವರವನ್ನು ಮುಚ್ಚಿಡಬಹುದು, ಅದಕ್ಕೇ ಡಾಕ್ಟರಿಗೆ ಯಾವ ಮಾತ್ರೆ, ಎಷ್ಟು ಹೊತ್ತಿಗೆ ನುಂಗಿದೆ ಅಂತ ಮೊದಲೇ ಹೇಳು.

ಇಂತಿ,
ಅಮ್ಮ